ಹುರಿಯದ ಪುಡಿ

ನಮ್ಮ ಕಡೆ ಹೆಂಗಸರು ಸತ್ತ ಮೇಲೂ ಬದುಕುವುದು ಪುಡಿಗಳಲ್ಲಿ. ಗಂಡಸರ ಹೆಸರು ಮನೆಯ ಮುಂದಿನ ಕಲ್ಲಿನಲ್ಲಿ, ಕರೆಂಟ್ ಬಿಲ್ಲಿನಲ್ಲಿ, ಮಕ್ಕಳ ಇನಿಷಿಯಲ್‌ನಲ್ಲಿ ಹೇಗೋ ಉಳಿದುಕೊಳ್ಳುತ್ತದೆ. ಹೆಂಗಸರದ್ದು ಉಳಿಯುವುದು ಅಡುಗೆಮನೆಯ ಶೆಲ್ಫಿನಲ್ಲಿ ಮಾತ್ರ. 'ಸ್ವಲ್ಪ ದೊಡ್ಡತ್ತೆ ಚಟ್ನಿಪುಡಿ ಹಾಕ್ಕೊಳ್ಳಿ' ಅಂತ ಬಡಿಸುತ್ತಾರೆ, ದೊಡ್ಡತ್ತೆ ತೀರಿಕೊಂಡು ಹನ್ನೆರಡು ವರ್ಷವಾಗಿರುತ್ತದೆ. ಹೀಗಿರುವಾಗ ನಾನೊಂದು ವಿಷಯ ಒಪ್ಪಿಕೊಂಡುಬಿಡಬೇಕು. ನನಗೀಗ ಐವತ್ತೊಂದು. ಇಪ್ಪತ್ತಾರು ವರ್ಷದಿಂದ ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೇನೆ, ಅಷ್ಟೇ ವರ್ಷದಿಂದ ಶಿವಮೊಗ್ಗದ ವಿನೋಬನಗರದಲ್ಲಿ ಸಂಸಾರ ಮಾಡುತ್ತಿದ್ದೇನೆ. ಎರಡರಲ್ಲೂ ಫೇಲಾದವಳಲ್ಲ. ಆದರೆ ನನ್ನ ಹೆಸರಿನಲ್ಲಿ ಒಂದು ಪುಡಿ ಇರಲಿಲ್ಲ.

ನಮ್ಮ ಶೆಲ್ಫಿನಲ್ಲಿ ಮೂರು ಡಬ್ಬಿ. ಸಾರಿನ ಪುಡಿ ಅತ್ತೆಯದ್ದು, ಹುಳಿ ಪುಡಿ ನನ್ನ ಅಮ್ಮನದ್ದು, ಚಟ್ನಿಪುಡಿ ಆಗಲೇ ಹೇಳಿದ ದೊಡ್ಡತ್ತೆಯದ್ದು. ಈ ಮೂರನ್ನೂ ಮಾಡುವವಳು ನಾನೇ. ಕೊತ್ತಂಬರಿ ಹುರಿಯುವುದು ನಾನು, ಮೆಣಸಿನಕಾಯಿ ಘಾಟಿಗೆ ಕೆಮ್ಮುವುದು ನಾನು, ಮಿಲ್ಲಿಗೆ ಹೋಗಿ ಕ್ಯೂ ನಿಲ್ಲುವುದು ನಾನು. ಹೆಸರು ಮಾತ್ರ ಅವರದ್ದು. ಅತ್ತೆಗೆ ಈಗ ಎಪ್ಪತ್ತೆಂಟು, ಮಂಡಿ ನೋವು, ಆದರೂ ಸಾರಿನ ಪುಡಿಯ ದಿನ ಒಲೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ಎಲ್ಲ ಹುರಿದಾದ ಮೇಲೆ, ಕೊನೆಯಲ್ಲಿ ಒಂದು ಹಿಡಿ ಅದೇನೋ ಹಾಕುವುದಿರುತ್ತದೆ. ಸರಿಯಾಗಿ ಆ ಹೊತ್ತಿಗೆ, 'ಸುಮಿತ್ರಾ, ಗೇಟ್ ಹಾಕಿದೆಯಾ ನೋಡ್ಕೊಂಡು ಬಾ' ಅನ್ನುತ್ತಾರೆ. ನಾನು ಹೋಗಿ ನೋಡುತ್ತೇನೆ. ಗೇಟು ಹಾಕಿರುತ್ತದೆ. ವಾಪಸ್ಸು ಬರುವಷ್ಟರಲ್ಲಿ ಆ ಒಂದು ಹಿಡಿ ಬಿದ್ದು, ಸೌಟು ಆಡಿ, ಎಲ್ಲ ಮುಗಿದಿರುತ್ತದೆ. ಇಪ್ಪತ್ತಾರು ವರ್ಷ ನಾನು ಆ ಗೇಟನ್ನು ನೋಡಿಕೊಂಡು ಬಂದಿದ್ದೇನೆ. ಒಂದು ಸಲ ಅವರು ಊರಲ್ಲಿಲ್ಲದಾಗ ಧೈರ್ಯ ಮಾಡಿ ನಾನೇ ಸಾರಿನ ಪುಡಿ ಮಾಡಿದೆ, ಜೀರಿಗೆ ಒಂಚೂರು ಜಾಸ್ತಿ ಹಾಕಿದೆ. ಊಟಕ್ಕೆ ಬಂದಿದ್ದ ನಮ್ಮನೆಯವರ ಸೋದರಮಾವ ಎರಡು ತುತ್ತು ತಿಂದು, 'ಇದು ನಿಮ್ಮತ್ತೆ ಪುಡಿ ಅಲ್ಲ ಅಲ್ವಾ?' ಅಂದರು. ಅಲ್ಲ ಅಂದೆ. 'ಅದೇ ಅಂದ್ಕೊಂಡೆ' ಅಂದು ಮಜ್ಜಿಗೆಗೆ ಹೋದರು.

ಆ ಮಜ್ಜಿಗೆ ನನ್ನ ಹೊಟ್ಟೆಯಲ್ಲಿ ಎಷ್ಟೋ ವರ್ಷ ಹುಳಿಯಾಗುತ್ತಲೇ ಇತ್ತು. ಈ ಮಾರ್ಚ್ ತಿಂಗಳಲ್ಲಿ ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಸೆಲ್ವಿ ಮೇಡಂ ತಮ್ಮ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು. ಸೆಲ್ವಿ ನಮ್ಮ ಶಾಲೆಯ ವಿಜ್ಞಾನದ ಟೀಚರು, ಫ್ಯಾಕ್ಟರಿ ಕ್ವಾರ್ಟರ್ಸ್‌ನಲ್ಲಿ ಹುಟ್ಟಿ ಬೆಳೆದವರು, ಮನೆಯಲ್ಲಿ ತಮಿಳು, ಜಗಳಕ್ಕೆ ಮಾತ್ರ ಶುದ್ಧ ಕನ್ನಡ. ವಿಡಿಯೋದಲ್ಲಿ ಒಬ್ಬ ಗ್ರೀಕ್ ಅಜ್ಜಿ ಏನೇನೋ ಒಣ ಸೊಪ್ಪನ್ನು ಅಂಗೈಯಲ್ಲಿ ಉಜ್ಜಿ ಬೋಗುಣಿಗೆ ಉದುರಿಸುತ್ತಿದ್ದಳು. ಓರೆಗಾನೊ, ಸಬ್ಬಸಿಗೆ, ಮಾರ್ಜೊರಮ್, ಬೆಳ್ಳುಳ್ಳಿ ಪುಡಿ, ಕಾಳುಮೆಣಸು, ಚಿಟಿಕೆ ದಾಲ್ಚಿನ್ನಿ, ಉಪ್ಪು. ಒಲೆಯೇ ಇಲ್ಲ! ನನಗೆ ಥಟ್ಟನೆ ಹೊಳೆದುಬಿಟ್ಟಿತು. ಈ ಪುಡಿಗೆ ಶಿವಮೊಗ್ಗ ಜಿಲ್ಲೆಯಲ್ಲಿ ಯಾರೂ ಅತ್ತೆ ಇಲ್ಲ. 'ನಮ್ಮನೇಲಿ ಹೀಗೆ ಮಾಡಲ್ಲ' ಅನ್ನಲು ಯಾರ ಮನೆಯೂ ಇಲ್ಲ. ಮಾಡಿದರೆ ಇದನ್ನೇ ಮಾಡಬೇಕು, ಡಬ್ಬಿಯ ಮೇಲೆ ನನ್ನ ಹೆಸರೇ ಇರಬೇಕು ಅಂತ ಅಲ್ಲೇ ತೀರ್ಮಾನಿಸಿದೆ. 'ಮಾರ್ಜೊರಮ್ ಎಲ್ಲಿ ಸಿಗತ್ತೆ?' ಅಂದೆ. ಸೆಲ್ವಿ ನಕ್ಕರು. 'ಮೇಡಂ, ಅದು ನಮ್ಮ ಮರುಗ. ಬಸ್ ಸ್ಟ್ಯಾಂಡ್ ಹತ್ರ ಹೂವಿನವಳ ಬುಟ್ಟೀಲಿದೆ.'

ಮರುಗ ಅಂದರೆ ಕನಕಾಂಬರದ ಜೊತೆ ಕಟ್ಟುವುದು, ದೇವರಿಗೆ ಏರಿಸುವುದು, ಜಡೆಗೆ ಮುಡಿಯುವುದು. ಐವತ್ತೊಂದು ವರ್ಷ ತಲೆಯ ಮೇಲೆ ಹೊತ್ತ ಸೊಪ್ಪನ್ನು ಯಾವತ್ತೂ ನಾಲಿಗೆಯ ಮೇಲೆ ಇಟ್ಟಿರಲಿಲ್ಲ. ಸಂಜೆ ಭದ್ರಾವತಿ ಬಸ್ ಸ್ಟ್ಯಾಂಡಿನ ಹೂವಿನವಳ ಮುಂದೆ ನಿಂತು, 'ಕಟ್ಟದೆ ಇರೋ ಮರುಗ ಎರಡು ಹಿಡಿ ಕೊಡಮ್ಮ' ಅಂದೆ.

'ದೇವರಿಗಾ ಅಕ್ಕ?'

'ಅಲ್ಲ.'

'ಮುಡಿಯೋಕಾ?'

'ತಿನ್ನೋಕೆ.'

ಆಕೆ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಮೆತ್ತಗೆ, 'ಮನೇಲೆಲ್ಲ ಚೆನ್ನಾಗಿದಾರಾ ಅಕ್ಕ?' ಅಂದಳು. ಚೆನ್ನಾಗಿದ್ದಾರೆ ಅಂದು ಬಸ್ಸು ಹತ್ತಿದೆ. ಮಾಚೇನಹಳ್ಳಿಯಲ್ಲಿ ಕೆಲಸ ಬಿಟ್ಟು ಹತ್ತಿದವರಿಂದ ಬಸ್ಸು ತುಂಬಿತು. ನನ್ನ ಪಕ್ಕ ಕೂತ ಹೆಂಗಸು ಚೀಲಕ್ಕೆ ಮೂಗು ಹತ್ತಿರ ತಂದು, 'ಯಾವ ದೇವಸ್ಥಾನದಿಂದ ಬರ್ತಿದ್ದೀರಿ?' ಅಂತ ಕೇಳಿದಳು. ಮಲವಗೊಪ್ಪ ದಾಟುವವರೆಗೂ ಅವಳಿಗೆ ಏನೇನೋ ಹೇಳಿಕೊಂಡು ಬಂದೆ.

ಓರೆಗಾನೊಗೆ ತೊಂದರೆಯಾಗಲಿಲ್ಲ. ಪಿಜ್ಜಾ ತರಿಸಿದಾಗ ಬರುವ ಸಣ್ಣ ಪೊಟ್ಟಣಗಳನ್ನು ನಮ್ಮನೆಯವರು ಫ್ರಿಜ್ಜಿನ ಬಾಗಿಲಲ್ಲಿ, ಮೊಟ್ಟೆ ಇಡುವ ಗುಂಡಿಗಳಲ್ಲಿ, ಆಸ್ತಿಯ ಹಾಗೆ ಕೂಡಿಟ್ಟಿದ್ದರು. ಕತ್ತರಿ ಹಿಡಿದು ಒಂದೊಂದೇ ಕತ್ತರಿಸಿ ಸುರಿದೆ. ಗ್ರೀಸಿನವರು ನೋಡಿದರೆ ನಕ್ಕಾರು. ನಗಲಿ, ಅವರೇನು ನನ್ನ ಬೀಗರೇ? ಸಬ್ಬಸಿಗೆ, ಮರುಗ ಎರಡನ್ನೂ ತೊಳೆದು ನಡುಮನೆಯಲ್ಲಿ ಪೇಪರಿನ ಮೇಲೆ ಹರಡಿದೆ. ಬಿಸಿಲಿಗೆ ಹಾಕಿದರೆ ಪರಿಮಳ ಹೋಗುತ್ತದಂತೆ, ನೆರಳಲ್ಲೇ ಒಣಗಬೇಕಂತೆ. ಒಣಗುತ್ತಾ ಬಂದ ಹಾಗೆ ಫ್ಯಾನ್ ಹಾಕಿದರೆ ಹಾರುತ್ತದೆ. ಆದ್ದರಿಂದ ಮಾರ್ಚಿನ ಸೆಕೆಯಲ್ಲಿ ಮೂರು ದಿನ ನಮ್ಮ ನಡುಮನೆಗೆ ಫ್ಯಾನ್ ಇಲ್ಲ ಎಂದು ಘೋಷಿಸಿದೆ. ನಮ್ಮನೆಯವರು ಎಲೆಕ್ಟ್ರಿಕಲ್ ಅಂಗಡಿ ಇಟ್ಟಿರುವವರು, ಊರಿಗೆಲ್ಲ ಫ್ಯಾನ್ ಮಾರುವವರು. ಪಾಪ, ಮದುವೆಯ ಕರೆಯೋಲೆಯಲ್ಲಿ ಗಾಳಿ ಬೀಸಿಕೊಂಡು ಕೂತರು. ಅತ್ತೆ ಮಾತ್ರ ಸುಮ್ಮನಿರಲಿಲ್ಲ. 'ಸೊಪ್ಪಿಗೆ ನೆರಳು, ಮನುಷ್ಯರಿಗೆ ಸೆಕೆ. ಜಡೆಗೆ ಮುಡಿಯೋದನ್ನ ಹೊಟ್ಟೆಗೆ ಹಾಕೋ ಕಾಲ ಬಂತು. ಊರಿಗೆಲ್ಲ ಒಂದು ದಾರಿ ಆದ್ರೆ ಇವಳಿಗೇ ಒಂದು ದಾರಿ' ಅಂದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು, 'ಯಾವಾಗ ಹುರೀತೀಯ?' ಅಂದರು.

'ಹುರಿಯಲ್ಲ ಅತ್ತೆ. ಕೈಯಲ್ಲಿ ಉಜ್ಜಿ ಬೆರೆಸೋದು, ಅಷ್ಟೇ.'

'ಹುರೀದೆ?'

'ಹುರೀದೆ.'

'ಹುರೀದೆ ಇದ್ರೆ ಅದು ಪುಡಿ ಅಲ್ಲ ಮಾರಾಯ್ತಿ, ಕಸ' ಅಂದರು.

ನಾಲ್ಕನೆಯ ದಿನ ಸಂಜೆ ಬಸ್ಸಿಳಿದು ನಮ್ಮ ರಸ್ತೆಗೆ ತಿರುಗುವಾಗಲೇ ಇಂಗಿನ ವಾಸನೆ ಮೂಗಿಗೆ ಬಡಿಯಿತು. ಅಡುಗೆಮನೆಗೆ ಓಡಿದರೆ ಬಾಣಲೆ ಇನ್ನೂ ಬಿಸಿಯಾಗಿತ್ತು. ಅತ್ತೆ ಕುರ್ಚಿಯಲ್ಲಿ ಬೆವರಿಕೊಂಡು ಕೂತು ಬಾಯ್ತುಂಬ ನಗುತ್ತಿದ್ದರು. 'ಪಾಪ, ನಿಂಗೆಲ್ಲಿ ಪುರುಸೊತ್ತು ಅಂತ ನಾನೇ ಹುರಿದಿಟ್ಟೆ. ಎರಡು ಬ್ಯಾಡಗಿ, ಒಂಚೂರು ಇಂಗು, ಒಣಕೊಬ್ಬರಿ ಹಾಕಿದೀನಿ. ಈಗ ನೋಡು, ಪುಡಿ ಆಯ್ತು!' ಮಂಡಿ ನೋವಿನ ಮುದುಕಿ ಒಲೆಯ ಮುಂದೆ ನಿಂತು ನನಗಾಗಿ ಮಾಡಿದ್ದು. ಬಯ್ಯಲು ಬಾಯಿ ಬರಲಿಲ್ಲ, ಬಯ್ಯದೆ ಇರಲೂ ಆಗಲಿಲ್ಲ. 'ಅತ್ತೆ, ಒಂದು, ಒಂದೇ ಒಂದು ಪುಡಿ ನನ್ನದೂ ಅಂತ ಇರಬಾರದಾ?' ಅಂದೆ. ಅಷ್ಟು ಹೇಳುವಾಗ ಅಳು ಬಂದುಬಿಟ್ಟಿತು. ಅತ್ತೆಯ ನಗು ನಿಂತಿತು. ಸೌಟು ಕೆಳಗಿಟ್ಟು, ಎದ್ದು ಕೋಣೆಗೆ ಹೋದರು.

ರಾತ್ರಿ ಊಟಕ್ಕೆ ನಮ್ಮನೆಯವರು ಬಿಸಿ ಅನ್ನ, ತುಪ್ಪದ ಮೇಲೆ ಅದೇ ಪುಡಿ ಹಾಕಿಕೊಂಡರು. ಮತ್ತೆ ಹಾಕಿಕೊಂಡರು. ನಾನೂ ಬೆರಳ ತುದಿಯಲ್ಲಿ ರುಚಿ ನೋಡಿದೆ. ಸಿಟ್ಟು ನೆತ್ತಿಗೇರಿದ್ದು ಆಗಲೇ, ಯಾಕೆಂದರೆ ಚೆನ್ನಾಗಿತ್ತು. ಉರಿಯುವ ಗಾಯಕ್ಕೆ ಉಪ್ಪು ಅನ್ನುವ ಹಾಗೆ ನಮ್ಮನೆಯವರು, 'ಅಮ್ಮನ ಗ್ರೀಕ್ ಪುಡಿ ಇನ್ನೊಂದು ಸ್ವಲ್ಪ ಹಾಕು' ಅಂದರು. ಅಮ್ಮನದಂತೆ! ಗ್ರೀಸ್ ದೇಶವೂ ಅತ್ತೆಯ ಪಾಲಿಗೆ ಹೋಯಿತಲ್ಲ!

ಆದರೆ ನಾನು ಬಿಡುವವಳಲ್ಲ. ಛಲ ಬಂದರೆ ಲೆಕ್ಕದ ಟೀಚರಷ್ಟು ಕೆಟ್ಟವರು ಯಾರೂ ಇಲ್ಲ. ಮರುವಾರವೇ ಮತ್ತೆ ಮರುಗ ಕೊಂಡೆ, ಹೂವಿನವಳು ಈ ಸಲ ಏನೂ ಕೇಳದೆ ಎರಡು ಕಡ್ಡಿ ಜಾಸ್ತಿ ಹಾಕಿದಳು. ಮನೆಗೆ ತರಲೇ ಇಲ್ಲ. ಸ್ಟಾಫ್ ರೂಮಿನ ಬೀರುವಿನ ಮೇಲೆ ಹಳೆಯ ಉತ್ತರಪತ್ರಿಕೆ ಹಾಸಿ ಒಣಗಿಸಿದೆ. ಹೆಡ್ಮಾಸ್ಟರು ಬಂದು, 'ಇವತ್ತು ಏನಾದ್ರೂ ಪೂಜೆ ಇದೆಯಾ?' ಅಂದರು. ಇದೆ ಸಾರ್ ಅಂದೆ. ಕ್ಲಾಸಿಲ್ಲದ ಒಂದು ಪಿರಿಯಡ್‌ನಲ್ಲಿ ಸೆಲ್ವಿ ಬಾಗಿಲಿಗೆ ಅಡ್ಡ ನಿಂತರು, ನಾನು ಉಜ್ಜಿ, ಬೆರೆಸಿ, ಗಾಜಿನ ಡಬ್ಬಿಗೆ ತುಂಬಿದೆ. ಮಾರ್ಕ್ಸ್ ಹಾಕುವ ಕೆಂಪು ಪೆನ್ನಿನಲ್ಲಿ ಚೀಟಿಯ ಮೇಲೆ 'ಸುಮಿತ್ರಾಳ ಪುಡಿ' ಅಂತ ಬರೆದು ಅಂಟಿಸಿದೆ. ಮನೆಗೆ ತಂದು ಶೆಲ್ಫಿನಲ್ಲಿ ಸಾರಿನ ಪುಡಿಯ ಡಬ್ಬಿಯನ್ನು ನಾಲ್ಕು ಬೆರಳು ಆಚೆ ಸರಿಸಿ ಅದರ ಪಕ್ಕದಲ್ಲೇ ಇಟ್ಟೆ. ಸೌತೆಕಾಯಿ, ಗಟ್ಟಿ ಮೊಸರು, ಬೇಯಿಸಿದ ಆಲೂಗಡ್ಡೆ, ಯಾವುದರ ಮೇಲೆ ಉದುರಿಸಿದರೂ ನಡೆಯುತ್ತಿತ್ತು. 'ನಂಗೆ ಬೇಡಮ್ಮ, ಹಸೀದು' ಅಂತ ಅತ್ತೆ ತಟ್ಟೆ ಸರಿಸಿದರು.

ವಾರ ಕಳೆಯಿತು. ಡಬ್ಬಿಯ ಪುಡಿ ನಾನು ಬಳಸಿದ್ದಕ್ಕಿಂತ ಬೇಗ ಇಳಿಯುತ್ತಿದೆ ಅನ್ನಿಸಿತು. ಅನ್ನಿಸುವುದನ್ನೆಲ್ಲ ನಂಬುವವಳಲ್ಲ ನಾನು. ಚೀಟಿಯ ಅಂಚಿನಲ್ಲಿ ಪೆನ್ಸಿಲ್ ಗೆರೆ ಎಳೆದು ಶಾಲೆಗೆ ಹೋದೆ. ಸಂಜೆ ಬಂದು ನೋಡಿದರೆ ಪುಡಿ ಗೆರೆಯ ಕೆಳಗೆ! ನಮ್ಮನೆಯವರು ಇಡೀ ದಿನ ಅಂಗಡಿಯಲ್ಲಿದ್ದರು. ಮನೆಯಲ್ಲಿದ್ದವರು ಅತ್ತೆ, ಮತ್ತೆ ಪಾತ್ರೆಯಲ್ಲಿದ್ದ ಮೊಸರು. ಯಾರಿಗೂ ಹೇಳಲಿಲ್ಲ ನಾನು, ಆದರೆ ಬಚ್ಚಲುಮನೆಗೆ ಹೋಗಿ ಒಬ್ಬಳೇ ನಕ್ಕೆ. ತಿಂಗಳೊಳಗೆ ಡಬ್ಬಿ ತಳ ಕಂಡಿತು. ಅವತ್ತು ಅತ್ತೆ ಗೋಡೆಯ ಕ್ಯಾಲೆಂಡರ್ ನೋಡುತ್ತಾ, 'ಅದೇನೋ ನಿನ್ನ ಪುಡಿ ಖಾಲಿ ಆದ ಹಾಗಿದೆ. ಈ ಸಲ ಮನೇಲೇ ಮಾಡೇ. ನಾನು ಮುಟ್ಟಲ್ಲ. ಬರೀ ನೋಡ್ತೀನಿ' ಅಂದರು. ನಿನ್ನ ಪುಡಿ! ಆ ಮಾತನ್ನು ಇನ್ನೊಂದು ಸಲ ಹೇಳಿಸಲು ಕಿವಿ ಕೇಳದವಳ ಹಾಗೆ 'ಏನಂದ್ರಿ ಅತ್ತೆ?' ಅಂದೆ. ಅವರು ಪಕ್ಕಾ, ಎರಡನೇ ಸಲ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಅವರ ಕುರ್ಚಿ ಹಾಕಿದೆ. ಒಲೆ ಹಚ್ಚಲಿಲ್ಲ. ಓರೆಗಾನೊ ಸುರಿದೆ, ಸಬ್ಬಸಿಗೆ ಉಜ್ಜಿದೆ, ಬೆಳ್ಳುಳ್ಳಿ ಪುಡಿ, ಮೆಣಸು, ದಾಲ್ಚಿನ್ನಿ, ಉಪ್ಪು ಎಲ್ಲ ಅಳೆದು ಹಾಕಿದೆ. ಅತ್ತೆ ಒಂದೊಂದಕ್ಕೂ 'ಎಷ್ಟು?' ಅಂತ ಕೇಳಿದರು, ನಾನು ಧಾರಾಳವಾಗಿ ಹೇಳಿದೆ. ಉಳಿದದ್ದು ಮರುಗ. ಇದರ ಅಳತೆ ಯಾವ ವಿಡಿಯೋದಲ್ಲೂ ಇಲ್ಲ. ಸ್ಟಾಫ್ ರೂಮಿನಲ್ಲಿ ಮೂರು ಸಲ ಹಾಕಿ, ಮೂಸಿ, ತಲೆಕೆಡಿಸಿಕೊಂಡು ನಾನೇ ಕಂಡುಕೊಂಡದ್ದು. ಜಾಸ್ತಿಯಾದರೆ ದೇವರ ಮನೆ ತಿಂದ ಹಾಗೆ, ಕಡಿಮೆಯಾದರೆ ಏನೂ ಇಲ್ಲ. ಮರುಗದ ತಟ್ಟೆಗೆ ಕೈ ಹಾಕಿದೆ. ಅತ್ತೆ ಕುರ್ಚಿಯಿಂದ ಮುಂದಕ್ಕೆ ಬಾಗಿದರು. ಆ ಗಳಿಗೆಯಲ್ಲಿ ನನ್ನ ಬಾಯಿಂದ ಮಾತು ಹೊರಟೇಹೋಯಿತು, ನಾನು ಕರೆದದ್ದಲ್ಲ, ದೇವರಾಣೆಗೂ ಯೋಚಿಸಿದ್ದಲ್ಲ.

'ಅತ್ತೆ, ಗೇಟ್ ಹಾಕಿದೆಯಾ ಸ್ವಲ್ಪ ನೋಡ್ತೀರಾ?'

ಅತ್ತೆ ನನ್ನನ್ನು ನೋಡಿದರು. ನಾನು ತಟ್ಟೆ ನೋಡಿದೆ. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, ಸೆರಗಿನಲ್ಲಿ ಒರೆಸಿಕೊಂಡು, 'ನಮ್ಮತ್ತೆ ಕರು ಕಟ್ಟಿದೆಯಾ ನೋಡು ಅಂತ ಕಳಿಸ್ತಿದ್ರು ಕಣೇ. ಹದಿನೆಂಟು ವರ್ಷ ಕರು ನೋಡಿದೀನಿ ನಾನು' ಅಂದರು. ಮಂಡಿ ಹಿಡಿದುಕೊಂಡು ಎದ್ದರು. ಬೇಡ ಅತ್ತೆ, ಕೂತ್ಕೊಳ್ಳಿ ಅನ್ನಬೇಕಿತ್ತು ನಾನು. ಅನ್ನಲಿಲ್ಲ. ಅವರ ಚಪ್ಪಲಿ ಸದ್ದು ನಡುಮನೆ ದಾಟಿ ಅಂಗಳಕ್ಕೆ ಹೋಯಿತು. ಗೇಟಿನ ಚಿಲಕ ಒಂದು ಸಲ ಅಲ್ಲಾಡಿದ್ದು ಕೇಳಿಸಿತು.

'ಹಾಕಿದೆ ಕಣೇ!' ಅಂತ ಅಲ್ಲಿಂದಲೇ ಕೂಗಿದರು. 'ಬರ್ಲಾ, ಇನ್ನೂ ಸ್ವಲ್ಪ ಹೊತ್ತು ಇಲ್ಲೇ ನಿಂತಿರ್ಲಾ?'

'ಒಂದೇ ನಿಮಿಷ ಅತ್ತೆ' ಅಂದೆ.