ಬೇಯದ ಬೇಳೆಯ ಇತಿಹಾಸ

“ಐವತ್ತು ತುಂಬುವುದರೊಳಗೆ ಈ ಮುನೀರ್ ಪಾಷಾ ಪ್ರಸಿದ್ಧನಾಗಿಯೇ ತೀರುತ್ತಾನೆ!”

ಹೀಗೆಂದು ನಾನು ಘೋಷಿಸಿದ್ದು ಕಡೂರಿನ ನಮ್ಮ ಮನೆಯಲ್ಲಿ, ಊಟಕ್ಕೆ ಕೂತು, ಬಾಯಿ ತುಂಬ ಅನ್ನ-ದಾಲ್ಚಾ ಇಟ್ಟುಕೊಂಡು. ಕೇಳಿಸಿಕೊಂಡವರು ಇಬ್ಬರೇ: ಹೆಂಡತಿ ಶಿರೀನ್ ತಾಜ್, ತಾಯಿ ಶಮ್ಶುನ್ನೀಸಾ. ನಮ್ಮ ಮನೆಮಾತು ದಖನಿ. ಮೂಲದಲ್ಲಿ ಘೋಷಣೆ ಇನ್ನೂ ಭರ್ಜರಿಯಾಗಿತ್ತು. ನಿಮಗಾಗಿ ಕನ್ನಡಕ್ಕೆ ತರುವಾಗ ಸ್ವಲ್ಪ ಸಪ್ಪೆಯಾಯಿತು, ಕ್ಷಮಿಸಿ.

“ಈಗ್ಲೇ ನಲವತ್ತೊಂಬತ್ತು ಆಯ್ತಲ್ರೀ. ಬೇಗ ಬೇಗ ಉಣ್ಣಿ,” ಎಂದಳು ಶಿರೀನ್.

ನನ್ನದು ಕನ್ನಡಕದ ಅಂಗಡಿ. ಊರಿನ ಅರ್ಧ ಜನ ನಾನು ಕೊಟ್ಟ ಗಾಜಿನಿಂದಲೇ ಲೋಕವನ್ನು ನೋಡುತ್ತಾರೆ, ಆದರೆ ನನ್ನನ್ನು ಮಾತ್ರ ಯಾರೂ ನೋಡುವುದಿಲ್ಲ! ಗಿರಾಕಿ ಇಲ್ಲದ ಹೊತ್ತಿನಲ್ಲಿ ಫೋನಿನಲ್ಲಿ ಅಡುಗೆ ವಿಡಿಯೋ ನೋಡುತ್ತಾ ನೋಡುತ್ತಾ ನನಗೊಂದು ಮಹಾಸತ್ಯ ಹೊಳೆದಿತ್ತು. ಪ್ರಸಿದ್ಧಿಗೆ ರುಚಿ ಸಾಲದು, ಇತಿಹಾಸ ಬೇಕು! ಬರೀ ಇಡ್ಲಿ ಅಂದರೆ ನಾಯಿಯೂ ತಿರುಗಿ ನೋಡದು. ‘ಆರು ತಲೆಮಾರಿನ ಇಡ್ಲಿ’ ಅನ್ನಿ, ಲಕ್ಷ ಜನ ನೋಡುತ್ತಾರೆ. ತಿನ್ನುವವನು ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ರಾಜಮಹಾರಾಜರೆಲ್ಲ ತನ್ನ ನಾಲಿಗೆಯ ಮೇಲೇ ಮೆರವಣಿಗೆ ಹೊರಟಂತೆ ತಲೆಯಾಡಿಸಿದರೆ ಮುಗಿಯಿತು.

ನಮ್ಮ ಮನೆಗೇನು ಕಮ್ಮಿ? ಕಡಲೆಬೇಳೆ, ಸೋರೆಕಾಯಿ, ಮಟನ್ ಮೂಳೆ, ಹುಣಸೆಹುಳಿ ಹಾಕಿ ಶಿರೀನ್ ಮಾಡುವ ದಾಲ್ಚಾ ಇತ್ತು. ಅದಕ್ಕೆ ಇತಿಹಾಸವೊಂದೇ ಇರಲಿಲ್ಲ. ಅದನ್ನು ನಾನೇ ಮಾಡಿದೆ.

ಭಾನುವಾರ ನೀರಿನ ಚೊಂಬಿಗೆ ಫೋನು ಒರಗಿಸಿ, ಇಸ್ತ್ರಿ ಮಾಡಿದ ಶೇರ್ವಾನಿ ತೊಟ್ಟು ಶುರು ಮಾಡಿದೆ: “ಬಂಧುಗಳೇ, ತರೀಕೆರೆ ಪಾಳೇಗಾರರ ಅರಮನೆಯಲ್ಲಿ ದಿಲಾವರ್ ಖಾನ್ ಎಂಬ ಮಹಾ ಬಾಣಸಿಗನಿದ್ದ. ಅವನು ನನ್ನ ಮುತ್ತಜ್ಜನ ಮುತ್ತಜ್ಜ. ಶತ್ರುಸೈನ್ಯ ಕೋಟೆ ಮುತ್ತಿದ ದಿನ ಅವನು ಈ ದಾಲ್ಚಾ ಮಾಡಿದ. ಪರಿಮಳ ಕೋಟೆ ದಾಟಿತು. ಶತ್ರುಗಳು ಕತ್ತಿ ಕೆಳಗಿಟ್ಟು ತಟ್ಟೆ ಹಿಡಿದರು!”

ಬಾಗಿಲಲ್ಲಿ ನಿಂತಿದ್ದ ಶಿರೀನ್ ಕೇಳಿದಳು, “ಖಾನ್ ವಂಶ ಯಾವಾಗ್ರೀ ಪಾಷಾ ಆಗಿದ್ದು?”

“ಇತಿಹಾಸದಲ್ಲಿ ಇಂಥದ್ದೆಲ್ಲ ಸಹಜ ಕಣೇ.”

“ಅದು ನಮ್ಮಮ್ಮ ನಂಗೆ ಕಲಿಸಿದ ಅಡುಗೆ. ಇಷ್ಟು ವರ್ಷದಿಂದ ಮಾಡಿ ಹಾಕ್ತಿರೋಳು ನಾನು. ಹೆಸರು ಮಾತ್ರ ಹುಟ್ಟದೇ ಇರೋ ನಿಮ್ಮ ಅಜ್ಜನಿಗಾ?”

ಅವಳ ದನಿ ಸಣ್ಣದಾಗಿತ್ತು. ಪ್ರಸಿದ್ಧನಾಗುವ ಅವಸರದಲ್ಲಿ ನನಗೆ ಸಣ್ಣ ದನಿಗಳು ಕೇಳಿಸುತ್ತಿರಲಿಲ್ಲ.

ವಿಡಿಯೋ ಓಡಿತು! ಕಡೂರಿನಿಂದ ಅಜ್ಜಂಪುರಕ್ಕೆ, ಅಲ್ಲಿಂದ ಲಕ್ಕವಳ್ಳಿಗೆ. ಕನ್ನಡಕ ರಿಪೇರಿಗೆ ಬಂದವರು ಗಾಜು ಮರೆತು ದಿಲಾವರ್ ಖಾನನ ಆರೋಗ್ಯ ವಿಚಾರಿಸತೊಡಗಿದರು. ವಾರದೊಳಗೆ ತರೀಕೆರೆಯಿಂದ ಹೊನ್ನೇಶ್ ಎಂಬುವರ ಫೋನ್ ಬಂತು. ಊರಿನ ಚರಿತ್ರೆಯ ಮೇಲೆ ಪ್ರೀತಿಯಿರುವವರ ಬಳಗವೊಂದನ್ನು ಅವರು ನಡೆಸುತ್ತಾರಂತೆ.

“ಸಾಹೇಬ್ರೇ, ನಿಮಗೆ ಸನ್ಮಾನ ಮಾಡ್ಬೇಕು ಅಂತ ಮಾಡಿದೀವಿ. ಶಾಲು, ಹಾರ, ಎಲ್ಲಾ ಉಂಟು. ಒಂದೇ ಕಂಡೀಷನ್ನು. ಆ ದಾಲ್ಚಾನ ಬಂದೋರಿಗೆಲ್ಲ ಬಡಿಸ್ಬೇಕು. ಎಲ್ಲಾ ಥರದೋರೂ ಬತ್ತಾರೆ, ಮಟನ್ ಒಂದು ಬಿಟ್ಬಿಡಿ.”

“ಇತಿಹಾಸದಲ್ಲಿ ಮಟನ್ ಇತ್ತಲ್ಲ ಹೊನ್ನೇಶಣ್ಣ?”

“ಆ ದಿನ ಅಮಾವಾಸ್ಯೆ ಇತ್ತು ಅಂತ ಹೇಳ್ಬಿಡಿ!”

ಶಿರೀನಳ ಮುಂದೆ ಹೋಗಿ ನಿಂತೆ. ನೂರು ಜನರ ಅಡುಗೆ ಎಂದೆ. ಅವಳು ಪಾತ್ರೆ ಒರೆಸುತ್ತಲೇ ಹೇಳಿದಳು, “ದಿಲಾವರ್ ಖಾನ್‌ನ ಕರ್ಕೊಂಡ್ ಹೋಗಿ.”

“ಅಮ್ಮಾ, ನೀವಾದರೂ ಹೇಳಿ ಇವಳಿಗೆ!”

“ನಾನೇನು ಹೇಳ್ಲಿ ಬೇಟಾ? ನಿಮ್ಮಪ್ಪನ ಕಡೆಯೋರು ಯಾರೂ ಒಲೆ ಹತ್ರ ಹೋದೋರಲ್ಲ. ನೀರು ಕಾಯ್ಸೋಕೂ ನಾನೇ ಬೇಕಿತ್ತು,” ಎಂದರು ಅಮ್ಮ.

ನನಗೂ ರೋಷ ಬಂತು. ಒಂದು ಬೇಳೆ ಬೇಯಿಸುವುದು ಅದೆಂಥ ಬ್ರಹ್ಮವಿದ್ಯೆ!

ಸನ್ಮಾನದ ದಿನ ಬೆಳಿಗ್ಗೆಯೇ ತರೀಕೆರೆಯ ಸಮುದಾಯ ಭವನದ ಅಡುಗೆಮನೆಗೆ ಹೋಗಿ, ದೊಡ್ಡ ಪಾತ್ರೆ ಒಲೆಗೇರಿಸಿ, ಬೇಳೆ, ಸೋರೆಕಾಯಿ, ಮಸಾಲೆ, ಕಿವುಚಿದ ಹುಣಸೆಹುಳಿ ಎಲ್ಲವನ್ನೂ ಒಟ್ಟಿಗೇ ಸುರಿದೆ. ಭವನದಲ್ಲಿ ಪಾತ್ರೆ ತೊಳೆಯುವ ಲಿಂಗಮ್ಮನಿಗೆ ಹೇಳಿದೆ, “ನೋಡ್ಕೋತಿರಮ್ಮ. ಬೆಂದ ತಕ್ಷಣ ಬಾಗಿಲಿಗೆ ಬಂದು ತಲೆ ಆಡ್ಸು. ನಾನು ಭಾಷಣ ಮುಗಿಸ್ತೀನಿ.”

ಸಭೆ ತುಂಬಿತ್ತು. ಮುಂದಿನ ಸಾಲಿನಲ್ಲಿ ಅಮ್ಮ ಕೂತಿದ್ದರು. ಮಗನ ಸನ್ಮಾನ ನೋಡಬೇಕೆಂದು ಶಿರೀನಳನ್ನೂ ಬಸ್ಸು ಹತ್ತಿಸಿಕೊಂಡು ಬಂದಿದ್ದರು. ಶಾಲು ಹೊದಿಸಿದರು, ಹಾರ ಹಾಕಿದರು. ನಾನು ಮೈಕ್ ಹಿಡಿದು ಕೋಟೆ, ಮುತ್ತಿಗೆ, ಪರಿಮಳ ಎಲ್ಲ ಮುಗಿಸಿ ಅಡುಗೆಮನೆಯ ಬಾಗಿಲು ನೋಡಿದೆ. ಲಿಂಗಮ್ಮ ಬಂದಳು. ತಲೆಯನ್ನು ಅಡ್ಡಡ್ಡ ಆಡಿಸಿದಳು.

ಬೆಂದಿಲ್ಲ! ಒಬ್ಬ ಸುಲ್ತಾನನನ್ನು ಕರೆಸಿದೆ. ಅವನು ದಾಲ್ಚಾ ಉಂಡು ದಿಲಾವರ್ ಖಾನನಿಗೆ ಆನೆ ಕೊಟ್ಟ. ಬಾಗಿಲು ನೋಡಿದೆ. ಮತ್ತೆ ಅಡ್ಡಡ್ಡ! ಉತ್ತರದಿಂದ ಮರಾಠಾ ಸರದಾರನೊಬ್ಬ ದಂಡು ಸಮೇತ ಹಸಿದುಕೊಂಡು ಬಂದ. ಅಡ್ಡಡ್ಡ! ಬ್ರಿಟಿಷರು ಇಳಿದರು. ಕಲೆಕ್ಟರನ ಹೆಂಡತಿ ಲಂಡನ್ನಿಗೆ ದಾಲ್ಚಾ ಕೊಂಡೊಯ್ದಳು. ಅಡ್ಡಡ್ಡ! ನಾನು ಸ್ವಾತಂತ್ರ್ಯ ಚಳವಳಿಗೆ ಬರುವ ಹೊತ್ತಿಗೆ ಸಭೆಯಲ್ಲಿ ಆಕಳಿಕೆಗಳು ಎದ್ದಿದ್ದವು, ದಿಲಾವರ್ ಖಾನನಿಗೆ ಏನಿಲ್ಲವೆಂದರೂ ಇನ್ನೂರು ವರ್ಷ ವಯಸ್ಸಾಗಿತ್ತು, ಮತ್ತು ಶಿರೀನ್ ಕೂತಿದ್ದ ಕುರ್ಚಿ ಖಾಲಿಯಿತ್ತು.

ಅಷ್ಟರಲ್ಲಿ ತಲೆಯಾಡಿಸಿ ಕತ್ತು ನೋವು ಬಂದ ಲಿಂಗಮ್ಮ ಬಾಗಿಲಿನಿಂದಲೇ ಕೂಗಿದಳು:

“ಸಾಹೇಬ್ರೇ, ಸಾಕು ನಿಲ್ಸಿ! ಇಲ್ಲಿ ನಿಮ್ಮ ಬೇಳೆ ಬೇಯಲ್ಲ!”

ಪಾಪ, ಅವಳು ಹೇಳಿದ್ದು ಪಾತ್ರೆಯ ಬೇಳೆಯ ಬಗ್ಗೆ. ಸಭೆಗೆ ಅರ್ಥವಾದದ್ದು ಮತ್ತೊಂದು. ನಕ್ಕ ನಗುವಿಗೆ ಭವನದ ತಗಡು ಅದುರಿತು! ನಾನು ಹಾರ ಸಮೇತ ಅಡುಗೆಮನೆಗೆ ಓಡಿದೆ.

ಶಿರೀನ್ ಸೌಟಿನಲ್ಲಿ ಬೇಳೆ ಎತ್ತಿ ಹಿಸುಕಿ ನೋಡುತ್ತಿದ್ದಳು. ಜಲ್ಲಿಕಲ್ಲಿನಂತಿತ್ತು.

“ಹುಣಸೆ ಯಾವಾಗ ಹಾಕಿದ್ರಿ?”

“ಮೊದಲೇ. ಹುಳಿ ಚೆನ್ನಾಗಿ ಹಿಡೀಲಿ ಅಂತ...”

“ಬೇಳೆ ಬೇಯೋಕೆ ಮುಂಚೆ ಹುಳಿ ಬಿದ್ರೆ ಸಂಜೆವರೆಗೂ ಹಿಂಗೇ ಇರ್ತದೆ ಕಣ್ರೀ.”

“ಈಗೇನು ಮಾಡೋದು ಶಿರೀನ್? ಹೊರಗೆ ನೂರು ಜನ ಹಸಿದಿದಾರೆ.”

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಬೈಯುತ್ತಾಳೆಂದು ತಲೆ ತಗ್ಗಿಸಿದೆ. ಬೈಯಲಿಲ್ಲ. ನನ್ನ ಹೆಗಲಿನ ಶಾಲನ್ನು ಸರಕ್ಕನೆ ಎಳೆದುಕೊಂಡು, ನಾಲ್ಕಾಗಿ ಮಡಚಿ, ಸುಡುವ ಪಾತ್ರೆಯ ಒಂದು ಕಡೆ ಹಿಡಿದಳು. “ಆ ಕಡೆ ಲಿಂಗಮ್ಮ ಹಿಡೀತಾರೆ. ನೀವು ತೆಂಗಿನಕಾಯಿ ಒಡೀರಿ.”

ಬೇಳೆ ಸೋಸಿದರು. ಭವನದ ಗ್ರೈಂಡರಿಗೆ ಸುರಿದರು. ಕಾಯಿ, ಹಸಿಮೆಣಸು, ಕೊತ್ತಂಬರಿ ಸೇರಿಸಿ ತರಿತರಿಯಾಗಿ ರುಬ್ಬಿ, ಸೋಸಿದ ನೀರಿಗೇ ಹಾಕಿ ಕುದಿಸಿ, ಮೇಲೆ ಈರುಳ್ಳಿ ಹುರಿದು ಸುರಿದರು. ನಾನು ಕಾಯಿ ಒಡೆದೆ, ತುರಿದೆ, ಬೆರಳನ್ನೂ ಸ್ವಲ್ಪ ತುರಿದುಕೊಂಡೆ.

ಬಡಿಸಿದಾಗ ಎಲ್ಲರೂ ಮೊದಲ ತುತ್ತನ್ನು ಅನುಮಾನದಿಂದಲೇ ಬಾಯಿಗಿಟ್ಟರು. ಆಮೇಲೆ ಒಂದು ಮೂಲೆಯಿಂದ “ಇನ್ನೊಂಚೂರು ಬಿಡ್ರೀ” ಎಂದರು. ಮತ್ತೊಂದು ಮೂಲೆಯಿಂದಲೂ ಅದೇ ಕೂಗು. ಸಾವಿತ್ರಮ್ಮ ಎಂಬ ಅಜ್ಜಿ ಎರಡನೇ ಸಲ ಅನ್ನ ಹಾಕಿಸಿಕೊಂಡರು. ಹೊನ್ನೇಶ್ ಅವರಂತೂ ಎಲೆ ಬಳಿದು ಉಂಡು, ಕೈ ತೊಳೆದವರೇ ಮೈಕ್ ಹಿಡಿದು ನನ್ನ ಬಳಿ ಬಂದರು.

“ಸಾಹೇಬ್ರೇ, ಇಂಥ ರುಚಿ ನಾನು ಕಂಡಿಲ್ಲ. ಇದೂ ದಿಲಾವರ್ ಖಾನರದೇ ಏನು?”

ನೂರು ಮುಖ ನನ್ನ ಕಡೆ ತಿರುಗಿದವು. ಇತಿಹಾಸ ನಾಲಿಗೆಯ ತುದಿಗೆ ಬಂದಿತ್ತು. ಪಂಕ್ತಿಯ ಕೊನೆಯಲ್ಲಿ ಶಿರೀನ್ ಸೌಟು ಹಿಡಿದು ನಿಂತಿದ್ದಳು. ಮುಖ ಬೆವತು ಕೆಂಪಾಗಿತ್ತು, ಸೆರಗಿಗೆಲ್ಲ ಬೇಳೆ. ನಾನು ಇತಿಹಾಸವನ್ನು ನುಂಗಿಕೊಂಡೆ.

“ಆ ಹೆಸರಿನೋರು ಯಾರೂ ಇರ್ಲಿಲ್ಲ ಹೊನ್ನೇಶಣ್ಣ. ಅಡುಗೆ ಅವಳದು. ಅವಳನ್ನೇ ಕೇಳಿ.”

ಹೊನ್ನೇಶ್ ಭಕ್ತಿಯಿಂದ ಮೈಕನ್ನು ಅವಳ ಮುಂದೆ ಹಿಡಿದರು. “ಹೇಳಿ ತಾಯಿ, ಈ ಅಡುಗೆಗೆ ಎಷ್ಟು ಕಾಲದ ಇತಿಹಾಸ ಇದೆ?”

ಶಿರೀನ್ ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದಳು.

“ಮುಕ್ಕಾಲು ಗಂಟೆ ಆಯ್ತು ಕಣಣ್ಣ.”