ನೂರನೇ ನಂಬರಿನ ವಸ್ತು

ನಮ್ಮ ಚಿಕ್ಕಮಾವ ಸರ್ಕಾರದ ಮೇಲೆ ಇಟ್ಟಿದ್ದಷ್ಟು ನಂಬಿಕೆಯನ್ನು ಸರ್ಕಾರ ಕೂಡ ತನ್ನ ಮೇಲೆ ಇಟ್ಟುಕೊಂಡಿರಲಿಲ್ಲ. ಈ ಮಾತನ್ನು ಅವರು ಬದುಕಿದ್ದಾಗ ಹೇಳುವ ಧೈರ್ಯ ನನಗಿರಲಿಲ್ಲ. ಅವರ ಎದುರಿಗೇನು, ಯಾರ ಎದುರಿಗೂ ನಾನು ಮಾತಾಡಿದವಳಲ್ಲ. ಜಗಳೂರು ತಾಲೂಕಿನ ಸೊಕ್ಕೆಯಿಂದ ಮದುವೆಯಾಗಿ ನ್ಯಾಮತಿ ಹತ್ತಿರದ ಈ ಊರಿಗೆ ಬಂದಾಗ ಮೊದಲ ಒಂದು ವರ್ಷ ಓಣಿಯವರು ನನ್ನನ್ನು ಮೂಗಿ ಎಂದೇ ತಿಳಿದಿದ್ದರಂತೆ. ಈಗ ನೀವು ಮೊಮ್ಮಕ್ಕಳು ಹೇಳು ಹೇಳು ಎಂದು ಪೀಡಿಸುತ್ತೀರಿ. ಬಾಯಲ್ಲಿ ಹೇಳಲಾಗದ್ದನ್ನು ಬರೆದು ಕೊಡುತ್ತಿದ್ದೇನೆ, ಓದಿಕೊಳ್ಳಿ.

ಚಿಕ್ಕಮಾವ ಎಂದರೆ ನಿಮ್ಮ ಅಜ್ಜನ ಚಿಕ್ಕಪ್ಪ. ಅವರಿಗೆ ಮದುವೆಯಾಗಿರಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ ಅವರ ಉತ್ತರ ಸಿದ್ಧವಾಗಿತ್ತು.

"ಚನ್ನಗಿರಿ ಕಡೆ ಹೆಣ್ಣು ನೋಡಾಕೆ ಹೋಗಿದ್ದೆ. ಅವ್ರ ಪಡಸಾಲೇಲಿ ಒಂದು ಹಳೇ ದೀಪದ ಕಂಬ ಇತ್ತು. ಅದನ್ನ ನೋಡ್ಕೊಂತ ಕೂತೆ. ತಲೆ ಎತ್ತೋದ್ರೊಳಗೆ ಹೆಣ್ಣು ಬಂದು ಹೋಗಿಬಿಟ್ಟಿತ್ತು."

"ಹೋಗ್ಲಿ, ದೀಪದ ಕಂಬ ಆದ್ರೂ ಸಿಕ್ತಾ?"

"ಎರಡನ್ನೂ ಕೊಡಲಿಲ್ಲ."

ಇಂಥವರ ಕೈಗೆ, ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದಾಗ, ಹೊನ್ನಾಳಿಯ ಸಂತೆಯಿಂದ ತಂದ ಮಂಡಕ್ಕಿಯ ಪೊಟ್ಟಣವೊಂದು ಸಿಕ್ಕಿತು. ಪೊಟ್ಟಣದ ಕಾಗದ ಹಳೆಯ ಪತ್ರಿಕೆಯದು. ಅದರಲ್ಲಿ ಹೀಗಿತ್ತು: "ರಾಷ್ಟ್ರೀಯ ವಸ್ತು ಸಂಗ್ರಹಾಲಯಗಳಿಗೂ ಚಿತ್ರಶಾಲೆಗಳಿಗೂ ಸರ್ಕಾರವು ಈ ಸಾಲಿನಲ್ಲಿ ಉದಾರವಾಗಿ ಅನುದಾನ". ಅಷ್ಟೇ. ಮುಂದಿನದು ಹರಿದುಹೋಗಿತ್ತು. ಕೊಡುತ್ತದೆ ಎಂದಿತ್ತೋ ಕೊಡುವುದಿಲ್ಲ ಎಂದಿತ್ತೋ ದೇವರಿಗೇ ಗೊತ್ತು. ಆದರೆ "ಉದಾರವಾಗಿ" ಎಂದು ಬರೆದ ಮೇಲೆ ಯಾರಾದರೂ ಇಲ್ಲ ಎಂದು ಮುಗಿಸುತ್ತಾರೆಯೇ? ಇದು ಚಿಕ್ಕಮಾವನ ವಾದ.

ಮರುದಿನವೇ ದನದ ಕೊಟ್ಟಿಗೆಯಿಂದ ಎರಡು ಎಮ್ಮೆಗಳನ್ನು ಹೊರಗೆ ಕಟ್ಟಿದರು. ಒಂದು ಹಲಗೆಗೆ ಸುಣ್ಣ ಬಳಿದು ನೀಲಿಯಲ್ಲಿ ಬರೆಸಿದರು: ರಾಷ್ಟ್ರೀಯ ವಸ್ತು ಸಂಗ್ರಹಾಲಯ, ನ್ಯಾಮತಿ ಹೋಬಳಿ. ನಿಮ್ಮ ಅಜ್ಜ ಮೆಲ್ಲಗೆ ಕೇಳಿದರು.

"ಚಿಕ್ಕಪ್ಪ, ರಾಷ್ಟ್ರೀಯ ಅಂದ್ರೆ ದೇಶಕ್ಕೆಲ್ಲ ಒಂದು ಇರೋದಲ್ವಾ? ಡೆಲ್ಲೀಲಿ ಐತಂತೆ."

"ನಮ್ಮೂರು ದೇಶದ ಹೊರಗೈತಾ?"

ನಿಮ್ಮ ಅಜ್ಜ ಎಮ್ಮೆಗೆ ಹುಲ್ಲು ಹಾಕಲು ಹೋದರು.

ಅನುದಾನ ಬಂದರೆ ಮಾಡಬೇಕಾದ್ದನ್ನು ಚಿಕ್ಕಮಾವ ಬೆರಳು ಮಡಿಸಿ ಹೇಳುತ್ತಿದ್ದರು. ಸೋರದ ಒಂದು ಮಾಡು, ಬೀಗ ಹಾಕುವ ಒಂದು ಬಾಗಿಲು, ಬಾಗಿಲಲ್ಲಿ ಟೋಪಿ ಹಾಕಿಕೊಂಡು ಕೂರುವ ಒಬ್ಬ ಜವಾನ. ಅವರಿಗೆ ಬೇಕಾಗಿದ್ದು ಇಷ್ಟೇ. ಇಷ್ಟಕ್ಕಾಗಿ ಅವರು ಊರೂರು ಅಲೆದರು. ಬಿಳಿಚೋಡಿನಿಂದ ತುಕ್ಕು ಹಿಡಿದ ಒಂದು ಕತ್ತಿ ತಂದರು. ಯಾರದೋ ಹೊಲದ ಬದುವಿನಲ್ಲಿ ಬಿದ್ದಿದ್ದ ವೀರಗಲ್ಲನ್ನು ಗಾಡಿಯಲ್ಲಿ ಹೇರಿಕೊಂಡು ಬಂದರು. ಕಪ್ಪುಗಟ್ಟಿದ ತಾಮ್ರದ ಕೊಡ, ಹಿತ್ತಾಳೆ ತಂಬಿಗೆ, ಅಡಕೊತ್ತು, ಕುದುರೆಯ ಲಾಳ, ಎಲ್ಲ ಬಂದವು. ಗೊಬ್ಬರದ ಅಂಗಡಿಯವರು ಕೊಟ್ಟ ಕ್ಯಾಲೆಂಡರುಗಳನ್ನು ಒಂದು ಗೋಡೆಗೆ ಸಾಲಾಗಿ ತೂಗುಹಾಕಿದರು. ಅದು ಚಿತ್ರಶಾಲೆ.

ಹೊರಗಿನ ವಸ್ತುಗಳು ಮುಗಿದ ಮೇಲೆ ಅವರ ಕಣ್ಣು ಅಡುಗೆಮನೆಯ ಮೇಲೆ ಬಿತ್ತು. ಅಕ್ಕಿ ಅಳೆಯುವ ಹಳೆಯ ಸೇರು ಒಂದು ಬೆಳಿಗ್ಗೆ ಕಾಣೆ! ಕೊಟ್ಟಿಗೆಗೆ ಹೋಗಿ ನೋಡಿದರೆ ನಂಬರ್ ನಲವತ್ತೊಂದು ಎಂದು ಚೀಟಿ ಅಂಟಿಸಿಕೊಂಡು ಕೂತಿತ್ತು. ಅಳೆಯಲು ಬೇಕಲ್ಲ ಎಂದು ಅತ್ತೆ ಜಗಳ ತೆಗೆದ ಮೇಲೆ ಒಂದು ಏರ್ಪಾಡಾಯಿತು. ನಾನು ದಿನಾ ರಿಜಿಸ್ಟರಿನಲ್ಲಿ ಬರೆದು ಸೇರನ್ನು ಪಡೆಯಬೇಕು, ಅರ್ಧ ಗಂಟೆಯಲ್ಲಿ ಹಿಂದಿರುಗಿಸಬೇಕು. ಮೊದಲ ದಿನ "ಉದ್ದೇಶ" ಎಂಬ ಕಡೆ ನಾನು "ಅನ್ನ" ಎಂದು ಬರೆದೆ. ಚಿಕ್ಕಮಾವ ತಲೆ ಅಲ್ಲಾಡಿಸಿದರು.

"ಅಧ್ಯಯನ ಅಂತ ಬರಿಯವ್ವ. ಅನ್ನ ಅಂದ್ರೆ ಸರ್ಕಾರ ಒಪ್ಪಲ್ಲ."

ಹೀಗೆ ನಮ್ಮ ಮನೆಯಲ್ಲಿ ದಿನಕ್ಕೆ ಎರಡು ಹೊತ್ತು ಅಧ್ಯಯನ ನಡೆಯುತ್ತಿತ್ತು. ನೆಂಟರು ಬಂದರೆ ಮೂರು ಹೊತ್ತು.

ಬರೆಯುವ ಕೆಲಸವೆಲ್ಲ ನನ್ನ ಪಾಲಿಗೆ ಬಂದಿತ್ತು. ನಾನು ಓದಿದ್ದು ಊರಿನ ಶಾಲೆಯಲ್ಲಿ ಏಳನೇ ತರಗತಿಯವರೆಗೆ. ಆದರೆ ನನ್ನ ಅಕ್ಷರ ದುಂಡಗಿತ್ತು. ಚಿಕ್ಕಮಾವ ಜಗುಲಿಯ ಮೇಲೆ ಅಡ್ಡಾಡುತ್ತ ಹೇಳುವರು, ನಾನು ಬಾಗಿಲ ಹಿಂದೆ ಕುಳಿತು ಬರೆಯುವೆ. ಅರ್ಜಿ ಮೊದಲು ಹೊನ್ನಾಳಿಗೆ ಹೋಯಿತು, ಅಲ್ಲಿಂದ ಶಿವಮೊಗ್ಗಕ್ಕೆ ಹೋಯಿತು. ಆಗ ನಮಗೆ ಅದೇ ಜಿಲ್ಲೆ. ದಿನಕ್ಕೆ ಎಷ್ಟು ಮಂದಿ ಸಂದರ್ಶಕರು ಬರುತ್ತಾರೆ ತಿಳಿಸಿ ಎಂದು ಅಲ್ಲಿಂದ ಕಾಗದ ಬಂತು. ಚಿಕ್ಕಮಾವ ಬಹಳ ಯೋಚಿಸಿದರು. ನಮ್ಮ ಎಮ್ಮೆಗಳು ಮೇದು ಬಂದು, ಹಳೆಯ ಅಭ್ಯಾಸದಂತೆ, ಸಂಜೆಗೊಮ್ಮೆ ಕೊಟ್ಟಿಗೆಯೊಳಗೆ ತಲೆ ಹಾಕಿ ನೋಡಿ ನಿಟ್ಟುಸಿರು ಬಿಟ್ಟು ಹೋಗುತ್ತಿದ್ದವು.

"ಬರಿಯವ್ವ. ದಿನಂಪ್ರತಿ ಸಂಜೆ ಇಬ್ಬರು. ಸ್ಥಳೀಯರು."

ಮುಂದಿನ ಕಾಗದದಲ್ಲಿ, ಕನಿಷ್ಠ ನೂರು ವಸ್ತುಗಳ ಪಟ್ಟಿ ಇದ್ದರೆ ಮಾತ್ರ ಅರ್ಜಿಯನ್ನು ನೋಡಲಾಗುವುದು ಎಂದಿತ್ತು. ಎಣಿಸಿದೆವು. ಲಾಳಗಳನ್ನು ಬಿಡಿಬಿಡಿಯಾಗಿ ಹಿಡಿದರೂ ತೊಂಬತ್ತೊಂಬತ್ತೇ ಆದವು. ಅಂಚೆಯವನು ಬರುವ ಹೊತ್ತಾಗಿತ್ತು. ಚಿಕ್ಕಮಾವ ಸುತ್ತ ನೋಡಿದರು. ಬಾಗಿಲ ಸಂದಿಯಲ್ಲಿ ಪೆನ್ನು ಹಿಡಿದ ನನ್ನ ಕೈ ಕಂಡಿತು.

"ನಂಬರ್ ನೂರು. ಹಸಿರು ಗಾಜಿನ ಬಳೆ, ಹನ್ನೆರಡು. ಇರುವ ಸ್ಥಳ: ಸೊಸೆಯ ಕೈ."

ನನಗೆ ನಾಚಿಕೆಯಿಂದ ಭೂಮಿಗೆ ಇಳಿದುಹೋದಂತಾಯಿತು. ಒಳಗಿದ್ದ ಅತ್ತೆ ಕೂಗಿದರು.

"ಅಯ್ಯೋ, ಅವನ್ನ ಹೋದ ತಿಂಗಳು ತೊಡಿಸಿದ್ದು. ಹಳೇವು ಹೆಂಗಾಗ್ತಾವೆ?"

"ಸರ್ಕಾರ ಉತ್ತರ ಕೊಡೋ ಹೊತ್ತಿಗೆ ಆಗ್ತಾವೆ, ಅತ್ತಿಗೆ."

"ಒಡೆದ್ರೆ?"

"ಒಡೆದ್ರೆ ಬಳೆಗಾರನ್ನ ಕರೆದು ಬೇರೆ ತೊಡಿಸ್ರಿ. ನಂಬರು ಅದೇ ಇರ್ತೈತೆ."

ನಾನು ಬರೆದೆ. ಸ್ವಲ್ಪ ದಿನಕ್ಕೆ ಉತ್ತರವೂ ಬಂತು. "ತಮ್ಮ ಪಟ್ಟಿಯು ಪರಿಶೀಲನೆಯಲ್ಲಿದೆ. ತೀರ್ಮಾನವಾಗುವವರೆಗೆ ಸದರಿ ವಸ್ತುಗಳನ್ನು ಮಾರುವುದಾಗಲಿ ಸಾಗಿಸುವುದಾಗಲಿ ಕೂಡದು. ಅಧಿಕಾರಿಗಳು ಬಂದು ನೋಡುತ್ತಾರೆ." ಕೆಳಗೆ ದುಂಡನೆಯ ಮೊಹರು. ಚಿಕ್ಕಮಾವ ಆ ಕಾಗದಕ್ಕೆ ಗಾಜಿನ ಕಟ್ಟು ಹಾಕಿಸಿ ದೇವರ ಪಟಗಳ ಪಕ್ಕದಲ್ಲಿ ತೂಗುಹಾಕಿದರು. ಬಾಯಿಪಾಠ ಮಾಡಿಕೊಂಡರು. ಅಂದಿನಿಂದ ನಾನು ಪಾತ್ರೆ ತೊಳೆಯುವಾಗ ಅವರು ಹಾದುಹೋದರೆ "ನೂರನೇ ನಂಬರು ಜೋಪಾನ" ಎನ್ನುವರು. ತವರಿಗೆ ಹೊರಟಾಗಲಂತೂ ವಸ್ತುವನ್ನು ಜಗಳೂರು ತಾಲೂಕಿಗೆ ಸಾಗಿಸಿದಂತಾಗುತ್ತದೆ ಎಂದು ಬಸ್ಸು ಹತ್ತುವವರೆಗೂ ಚಿಂತೆ ಮಾಡಿದರು.

ಅಧಿಕಾರಿಗಳು ಬರುವ ದಿನ ಬಂದೇಬಿಟ್ಟಿತು. ಚಿಕ್ಕಮಾವ ಬೆಳಿಗ್ಗೆಯೇ ಇಸ್ತ್ರಿ ಮಾಡಿದ ಅಂಗಿ ಹಾಕಿ, ಹಾರ ಹಿಡಿದುಕೊಂಡು ನ್ಯಾಮತಿಯ ಬಸ್ ಸ್ಟ್ಯಾಂಡಿಗೆ ಹೋದರು. ಅವರು ಅತ್ತ ಹೋಗುತ್ತಲೇ ಅತ್ತೆ ಕೊಟ್ಟಿಗೆಗೆ ಹೋಗಿ ನೋಡಿ ಹಣೆ ಹಣೆ ಬಡಿದುಕೊಂಡರು.

"ಇಂಥ ಮಸಿ ಪಾತ್ರೆ ಇಟ್ರೆ ಸಾಹೇಬ್ರು ನಮ್ಮನೆ ಹೆಣ್ಮಕ್ಳನ್ನ ಏನಂದ್ಕೊಂಡಾರು? ಬಾರವ್ವ, ಸೆರಗು ಕಟ್ಟು."

ಬಂದವರ ಎದುರು ಮನೆ ಬೆಳಗಿಟ್ಟಿರಬೇಕು ಎಂಬುದು ನಮ್ಮ ಕಡೆ ಹೆಣ್ಣು ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಒಂದು ಮಡಕೆ ಹುಣಸೆಹಣ್ಣು ನೆನೆಸಿದೆವು. ನಾನು ತಾಮ್ರದ ಕೊಡವನ್ನು ತಿಕ್ಕಿದೆ, ತಂಬಿಗೆಗಳನ್ನು ತಿಕ್ಕಿದೆ, ಇಟ್ಟಿಗೆ ಪುಡಿ ಹಾಕಿ ಕತ್ತಿಯ ತುಕ್ಕನ್ನೆಲ್ಲ ತೆಗೆದೆ. ಅತ್ತೆ ವೀರಗಲ್ಲಿಗೆ ಎರಡು ಸಲ ಸುಣ್ಣ ಬಳಿದು ಕೆಮ್ಮಣ್ಣಿನ ಪಟ್ಟೆ ಎಳೆದರು. ಕೆತ್ತಿದ್ದ ವೀರನ ಮೂಗು ಮುಚ್ಚಿಹೋಗಿ ಅವನು ನೆಗಡಿಯಾದವನಂತೆ ಕಾಣುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಕೊಟ್ಟಿಗೆ ಹೇಗೆ ಹೊಳೆಯುತ್ತಿತ್ತು ಎಂದರೆ ಎಮ್ಮೆಗಳು ಒಳಗೆ ನೋಡಿ ಬೆದರಿ ಹಿಂದೆ ಸರಿದವು.

ಸಾಹೇಬರು ಬಂದರು. ಜೊತೆಗೆ ಚಿಕ್ಕಮಾವ. ಒಳಗೆ ಕಾಲಿಟ್ಟವರೇ ಚಿಕ್ಕಮಾವ ಒಂದು ಕ್ಷಣ ನಿಂತುಬಿಟ್ಟರು. ಸಾಹೇಬರು ಕೊಡವನ್ನು ಎತ್ತಿ ನೋಡಿದರು. ಅದರಲ್ಲಿ ಅವರ ಮುಖವೇ ಕಾಣಿಸಿತು.

"ಇದು ಯಾವ ಕಾಲದ್ದು?"

"ಪಾಳೇಗಾರರ ಕಾಲದ್ದು ಸಾರ್."

"ಯಾವ ಅಂಗಡೀದು ಅಂತ ಕೇಳಿದೆ."

ಅವರು ವೀರಗಲ್ಲಿಗೆ ಒರಗಿದರು. ತೋಳಿಗೆಲ್ಲ ಹಸಿ ಸುಣ್ಣ ಮೆತ್ತಿಕೊಂಡಿತು.

"ಏನ್ರೀ ಇದು? ಹಳೇ ವಸ್ತು ಅಂದ್ರೆ ಅದರ ಹಳೇತನ ತಾನೇ ಬೆಲೆ? ಯಾರು ಉಜ್ಜಿದ್ದು ಇವನ್ನೆಲ್ಲ?"

ನಾನು ಕೊಟ್ಟಿಗೆಯ ಗೋಡೆಯ ಮರೆಯಲ್ಲಿ ನಿಂತಿದ್ದೆ. ನನ್ನ ಬೆರಳುಗಳಲ್ಲಿ ಇನ್ನೂ ಹುಣಸೆಹಣ್ಣಿನ ವಾಸನೆ ಇತ್ತು. ಆಗ ನನಗೆ ಅರ್ಥವಾಯಿತು. ಆ ಮಾಡು, ಆ ಬಾಗಿಲು, ಟೋಪಿಯ ಆ ಜವಾನ, ಎಲ್ಲವನ್ನೂ ಒಂದೇ ಬೆಳಿಗ್ಗೆ ನಾನು ತಿಕ್ಕಿ ತೊಳೆದುಬಿಟ್ಟಿದ್ದೆ.

"ನಾನೇ ಸಾರ್," ಎಂದರು ಚಿಕ್ಕಮಾವ. "ಧೂಳು ಕಂಡ್ರೆ ನಂಗಾಗಲ್ಲ."

ಧೂಳೆಂದರೆ ಆಗದವರಂತೆ! ಆ ಧೂಳನ್ನು ಊರೂರು ತಿರುಗಿ ಕೂಡಿಸಿದವರು ಅವರೇ. ಸಾಹೇಬರು ತೋಳು ಒರೆಸಿಕೊಳ್ಳುತ್ತ ಹೊರಟುಹೋದರು. ಚಿಕ್ಕಮಾವ ಅವರನ್ನು ಬಸ್ಸಿಗೆ ಹತ್ತಿಸಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಬೈಯುತ್ತಾರೆ ಎಂದು ತಲೆ ತಗ್ಗಿಸಿದೆ.

"ಹುಣಸೆಹಣ್ಣು ಉಳಿದೈತೇನವ್ವ? ಸಾರು ಮಾಡು."

ಅದರ ಬಗ್ಗೆ ಅವರು ಆಡಿದ ಮಾತು ಅದೊಂದೇ. ಸರ್ಕಾರದಿಂದ ಮತ್ತೆ ಕಾಗದ ಬರಲಿಲ್ಲ. ಬೇಡ ಎಂದೂ ಬರಲಿಲ್ಲ, ಆಗಲಿ ಎಂದೂ ಬರಲಿಲ್ಲ. "ಇಲ್ಲ ಅಂದಿಲ್ವಲ್ಲ, ಪರಿಶೀಲನೇಲಿ ಐತೆ" ಎಂದುಕೊಂಡು ಚಿಕ್ಕಮಾವ ಪ್ರತಿ ಯುಗಾದಿಗೂ ನನ್ನಿಂದ ಒಂದು ಜ್ಞಾಪನಾ ಪತ್ರ ಬರೆಸುತ್ತಿದ್ದರು. ಮಾಡು ಸೋರುತ್ತಲೇ ಇತ್ತು.

ಹಾಗೇ ಕೆಲವು ವರ್ಷ ಕಳೆದವು. ನಿಮ್ಮ ಅಪ್ಪ ಮೂರನೇ ತರಗತಿಯಲ್ಲಿದ್ದಾಗ ನಿಮ್ಮ ಅಜ್ಜ ಮೂರು ದಿನದ ಜ್ವರದಲ್ಲಿ ತೀರಿಕೊಂಡರು. ಅದನ್ನು ಹೆಚ್ಚು ಬರೆಯಲಾರೆ.

ಹನ್ನೊಂದನೆಯ ದಿನ ನನ್ನನ್ನು ಹಿತ್ತಲಲ್ಲಿ ಕೂರಿಸಿದರು. ಓಣಿಯ ಹೆಂಗಸರೆಲ್ಲ ಸುತ್ತ ನಿಂತಿದ್ದರು. ಅತ್ತೆಯ ಅಕ್ಕ, ಎಲ್ಲರಿಗಿಂತ ಹಿರಿಯರು, ನನ್ನ ಕೈಯನ್ನು ಕಲ್ಲಿನ ಮೇಲೆ ಇರಿಸಿ ಇನ್ನೊಂದು ಕಲ್ಲನ್ನು ಎತ್ತಿಕೊಂಡರು. ನಾನು ಕಣ್ಣು ಮುಚ್ಚಿದೆ.

"ತಡೀರಿ. ಅದು ನಂಬರ್ ನೂರು."

ಚಿಕ್ಕಮಾವ. ಕಂಕುಳಲ್ಲಿ ರಿಜಿಸ್ಟರು, ಕೈಯಲ್ಲಿ ಗಾಜಿನ ಕಟ್ಟು ಹಾಕಿದ ಕಾಗದ.

"ಇದು ಹೆಂಗಸರ ಶಾಸ್ತ್ರ ಕಣಪ್ಪ. ನೀನ್ಯಾಕೆ ಇಲ್ಲಿಗೆ ಬಂದೆ? ಆಚೆ ಹೋಗು."

"ಶಾಸ್ತ್ರ ನಿಮ್ದೇ, ನಾನು ಬ್ಯಾಡ ಅನ್ನಲ್ಲ. ಬಳೆ ಮಾತ್ರ ಸರ್ಕಾರದ ಪಟ್ಟಿಯಾಗೆ ಐತೆ. ಕೈ ಹಚ್ಚಿದೋರು ಶಿವಮೊಗ್ಗಕ್ಕೆ ಹೋಗಿ ಉತ್ತರ ಹೇಳ್ಬೇಕಾಗ್ತೈತೆ."

ಕಲ್ಲು ಮೇಲೆಯೇ ನಿಂತಿತು. ಹೆಂಗಸರಲ್ಲಿ ಒಬ್ಬರು ಕೇಳಿದರು.

"ಹಂಗಂತ ಎಲ್ಲಿ ಬರೆದೈತೆ?"

ಚಿಕ್ಕಮಾವ ಓದಲು ಹೊರಟರು. ಸ್ವರ ಬರಲಿಲ್ಲ. ಬಾಯಿಪಾಠವಾಗಿದ್ದ ಕಾಗದ, ಆದರೂ ಬರಲಿಲ್ಲ. ಅವರು ಅದನ್ನು ನನ್ನ ತೊಡೆಯ ಮೇಲಿಟ್ಟರು.

"ನೀನೇ ಓದವ್ವ."

ಅಷ್ಟು ಜನರ ಎದುರಿಗೆ ನಾನು ಜೀವನದಲ್ಲಿ ಒಂದು ಮಾತು ಆಡಿದವಳಲ್ಲ. ಓದಿದೆ. "ತೀರ್ಮಾನವಾಗುವವರೆಗೆ ಸದರಿ ವಸ್ತುಗಳನ್ನು ಮಾರುವುದಾಗಲಿ, ಸಾಗಿಸುವುದಾಗಲಿ, ಒಡೆಯುವುದಾಗಲಿ ಕೂಡದು."

ಒಡೆಯುವುದು ಎಂಬ ಮಾತು ಆ ಕಾಗದದಲ್ಲಿ ಇರಲಿಲ್ಲ.

ನಾನು ತಲೆ ಎತ್ತಿ ಚಿಕ್ಕಮಾವನನ್ನು ನೋಡಿದೆ. ಸರ್ಕಾರದ ಒಂದಕ್ಷರ ಆಚೀಚೆಯಾದರೂ ಸಹಿಸದ ಮನುಷ್ಯ ನೆಲ ನೋಡುತ್ತ "ಕೇಳಿದ್ರಾ?" ಎಂದಷ್ಟೇ ಹೇಳಿದರು. ಅತ್ತೆಯ ಅಕ್ಕ ಕಲ್ಲನ್ನು ಮೆಲ್ಲಗೆ ಕೆಳಗಿಟ್ಟರು.

ಈಗ ಚಿಕ್ಕಮಾವನೂ ಇಲ್ಲ, ಕೊಟ್ಟಿಗೆಯೂ ಇಲ್ಲ. ಉಳಿದ ತೊಂಬತ್ತೊಂಬತ್ತು ವಸ್ತುಗಳು ಏನಾದವು ಎಂದು ನನಗೆ ಸರಿಯಾಗಿ ಗೊತ್ತಿಲ್ಲ. ಪಕ್ಕದ ಮನೆ ಅಜ್ಜಿಯ ಕೈ ಬರಿದಾಗಿದೆ, ನಿನ್ನ ಕೈಯಲ್ಲಿ ಮಾತ್ರ ಯಾಕೆ ಬಳೆ ಎಂದು ನೀವು ಕೇಳಿದ್ದಿರಿ. ಕಾರಣ ಇಷ್ಟೇ. ಸರ್ಕಾರದಿಂದ ಇನ್ನೂ ಉತ್ತರ ಬಂದಿಲ್ಲ.

ನಿನ್ನೆ ಬಾವಿಕಟ್ಟೆಗೆ ತಾಗಿ ಎಡಗೈಯದು ಒಂದು ಒಡೆಯಿತು. ಬಳೆಯವನ ಕೂಗು ಕೇಳಿದರೆ ಕರೆಯಿರಿ. ಹಸಿರೇ ಆಗಬೇಕು, ಪಟ್ಟಿಯಲ್ಲಿ ಹಾಗೆ ಬರೆದಿದ್ದೇನೆ.