ಸಿಗ್ನಲ್ ಇಲಾಖೆಯ ಬಾಡಿಗೆದಾರ

ನಾನು ಮಾತು ಮುಗಿಸುವ ಮೊದಲೇ ಎದುರಿನವರಿಗೆ ಏನೋ ಒಂದು ಅರ್ಥವಾಗಿಬಿಡುತ್ತದೆ. ಹಾಗಾಗಿ ಇಂಥ ಫಜೀತಿಗಳು ನನಗೆ ತಪ್ಪಿದ್ದಲ್ಲ.

೧. ಮನೆ ಸಿಕ್ಕಿದ್ದು

ಐಟಿ ಕಂಪನಿಗಳು ಬಂದು ಹೈದರಾಬಾದಿನಲ್ಲಿ ಬಾಡಿಗೆ ಮನೆ ಸಿಗದ ಕಾಲ. ಮೈಸೂರಿನವನಾದ ನಾನು ಅಲ್ಲಿನ ನಾಚಾರಂನ ಸಣ್ಣ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಮಲ್ಕಾಜ್‌ಗಿರಿಯಲ್ಲಿ ರಾಯಚೂರು ಕಡೆಯ ನಿವೃತ್ತ ರೈಲ್ವೆ ಗಾರ್ಡ್ ಒಬ್ಬರ ಮಹಡಿ ಕೋಣೆ ಖಾಲಿಯಿತ್ತು.

"ರೈಲ್ವೇದವ್ರಿಗಷ್ಟ ಕೊಡ್ತೀವ್ರಿ. ನಿಮ್ದೇನು ನೌಕ್ರಿ?" ಎಂದರು.

"ಸಿಗ್ನಲ್ ಬಂತೋ ಇಲ್ವೋ ನೋಡೋದು."

"ಅದನ್ನ ಮೊದ್ಲ ಹೇಳಬಾರದೇನ್ರಿ" ಎಂದು ಕೀಲಿ ಕೊಟ್ಟೇಬಿಟ್ಟರು. ನನ್ನದು ಗಾಜಿನ ಎಳೆಯೊಳಗೆ ಬರುವ ಬೆಳಕಿನ ಸಿಗ್ನಲ್ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಹೆಂಡತಿ ಚಹಾ ತಂದರು. ಬಾಯಿ ಅದಕ್ಕೇ ಬಳಕೆಯಾಯಿತು.

೨. ಅತ್ತೆಯ ಕಿವಿ

ಕಾರ್ಖಾನೆಯಲ್ಲಿ ನಾವು ಮಾಡುತ್ತಿದ್ದುದು ಆ ಬೆಳಕನ್ನು ಹಿಡಿಯುವ ರಿಸೀವರ್. ಫೈಬರ್ ಎಂಬ ಒಂದೇ ಗಾಜಿನ ಎಳೆಯಲ್ಲಿ ಇಂಟರ್ನೆಟ್ಟಿಗಾಗಿ ಮೂವತ್ತೆರಡು ಮನೆಯವರು ಸರದಿಯ ಮೇಲೆ ಬೆಳಕು ಕಳಿಸುತ್ತಾರೆ. ಹತ್ತಿರದ ಮನೆಯದು ಝಗ್ಗೆನ್ನುತ್ತದೆ, ದೂರದ್ದು ಮಿಣುಕುತ್ತದೆ. ಎರಡಕ್ಕೂ ನಮ್ಮ ರಿಸೀವರ್ 'ಬಂತು' ಎಂದು ದೀಪ ಹಚ್ಚಬೇಕು. ಅದಕ್ಕೋ, ಜೋರಿನದರ ಬೆನ್ನಿಗೇ ಬಂದ ಮೆಲ್ಲನೆಯದು ಕೇಳಿಸುತ್ತಲೇ ಇರಲಿಲ್ಲ. ನಾವು ಅದರ ಕಿವಿ ಚುರುಕು ಮಾಡಿದರೆ ಯಾರೂ ಕಳಿಸದಿದ್ದರೂ ದೀಪ ಹಚ್ಚುತ್ತಿತ್ತು.

ಕಲಬುರಗಿಯ ನಮ್ಮ ಟೆಕ್ನಿಷಿಯನ್ ಅಕ್ಕ ನೋಡಿ ನೋಡಿ ಹೇಳಿದರು: "ಥೇಟ್ ನಮ್ಮತ್ತಿ ಆಗೇದ ನೋಡ್ರಿ. ಕರೆದ್ರ ಕೇಳಂಗಿಲ್ಲ, ಕರೀಲಿಲ್ಲಂದ್ರ 'ಏನಂದಿ' ಅಂತಾರ."

೩. ತಪ್ಪೊಪ್ಪಿಗೆ

ನಮ್ಮ ಮನೆ ಮಾಲೀಕರಿಗೂ ಅದೇ ಕಾಯಿಲೆ. ಅಷ್ಟರಲ್ಲಿ ಅವರು ನನಗೆ ಕಾಕಾ, ಅವರ ಹೆಂಡತಿ ಕಾಕು ಆಗಿದ್ದರು. ಕಾಕು ಅಡುಗೆಮನೆಯಿಂದ ಕೂಗಿದರೆ ಓಣಿಗೆಲ್ಲ ಕೇಳುತ್ತಿತ್ತು, ಕಾಕಾ ಒಬ್ಬರಿಗೆ ಇಲ್ಲ.

ಬಂದವರಿಗೆಲ್ಲ ಕಾಕಾ ನನ್ನನ್ನು "ನಮ್ಮ ಇಲಾಖೆ ಹುಡುಗ" ಎಂದು ಹೆಮ್ಮೆಯಿಂದ ತೋರಿಸತೊಡಗಿದಾಗ ನಾನು ಅವರ ಕಣ್ಣು ತಪ್ಪಿಸಿ ಮಹಡಿ ಹತ್ತತೊಡಗಿದೆ. ಅವರನ್ನು ನಾನು ನಿಜಕ್ಕೂ ಹಚ್ಚಿಕೊಂಡಿದ್ದೆ. ಸುಳ್ಳೂ ಉಳಿಯಬಾರದು, ಮನೆಯೂ ಹೋಗಬಾರದು. ಆಗ ರಿಸೀವರೇ ಉಪಾಯ ಹೇಳಿಕೊಟ್ಟಿತು.

ಒಂದು ಭಾನುವಾರ ಕಾಕು "ಏನ್ರೀ, ಹಾಲು ತೀರ್ಯಾವ, ತರ್ರಿ" ಎಂದು ಕೂಗಿದ ಬೆನ್ನಿಗೇ ಮೆಲ್ಲಗೆ, "ಕಾಕಾ, ನಾನು ರೈಲ್ವೆಯವನಲ್ಲ" ಎಂದೆ. ಕಾಕಾ ಪೇಪರಿನಿಂದ ಕಣ್ಣೆತ್ತಲಿಲ್ಲ. ಹೇಳಿದ್ದಂತೂ ಆಯಿತಲ್ಲ ಎಂದು ಮನಸ್ಸು ಹಗುರಾಯಿತು.

ಕಾಕಾ ಪುಟ ತಿರುವಿ, ನನಗಿಂತ ಮೆಲ್ಲಗೆ ಹೇಳಿದರು: "ಅದು ನಂಗ ಮೊದಲ ವಾರದಾಗ ಗೊತ್ತಾತು, ತಮ್ಮಾ. ನೀ ಎಲ್ಲೂ ಹೋಗಬ್ಯಾಡ, ಇಲ್ಲೇ ಇರು. ಆದ್ರ ನಂಗ ಕಿವಿ ಕೇಳ್ತಾವಂತ ನಿಮ್ಮ ಕಾಕೂಗ ಹೇಳಬ್ಯಾಡ."